ಕಾಯುವವರಿಲ್ಲದ ಡಿಪೊ

ಚರ್ಚಿನಲ್ಲಿ ಭಾನುವಾರದ ಪಾಠ ಓದುವವರ ಸರದಿ ಹಾಕುವಾಗ ಪ್ರತಿ ಸಲವೂ ಒಂದೇ ನಾಟಕ. ಪ್ರೀತಿ, ಸಮಾಧಾನ, ತಣ್ಣನೆಯ ನೀರು, ಹಸಿರು ಹುಲ್ಲು ಇರುವ ಭಾಗಗಳಿಗೆ ನಾನು ತಾನು ಎಂದು ಮುಂದೆ ಬರುತ್ತಿದ್ದವರೆಲ್ಲ, ಪ್ರವಾದಿಗಳ ಪಾಠ ಎಂದ ಕೂಡಲೇ ಗಂಟಲು ಕಟ್ಟಿದೆ, ಕನ್ನಡಕ ಬದಲಾಯಿಸಬೇಕು, ಆ ವಾರ ಊರಲ್ಲಿರುವುದಿಲ್ಲ ಎಂದು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ತಪ್ಪೂ ಅವರದಲ್ಲ ಬಿಡಿ. ಪ್ರವಾದಿಗಳ ಪಾಠವೆಂದರೆ ರಾಜನಿಗೆ ಬೈಗುಳ, ಮಂತ್ರಿಗೆ ಬೈಗುಳ, ಸುಳ್ಳು ತೂಕದವನಿಗೆ ಬೈಗುಳ, ಕೊನೆಗೆ ದೇಶವೇ ಹಾಳಾಗಿ ಜನರೆಲ್ಲ ಸೆರೆಯಾಗಿ ಹೋಗುವುದು. ನಡುವೆ ಬರುವ ಹೆಸರುಗಳೋ, ನಾಲಿಗೆ ಹೊರಳದಂಥವು. ಹಾಗಾಗಿ ಅವೆಲ್ಲ ಸುತ್ತಿ ಬಳಸಿ ಕಂಡಕ್ಟರಮ್ಮನ ಪಾಲಿಗೆ ಬಂದು ಬೀಳುತ್ತಿದ್ದವು.

ಕಂಡಕ್ಟರಮ್ಮನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಅರ್ಧ ಆಯಸ್ಸನ್ನು ಬಸ್ಸಿನಲ್ಲಿ "ಒಳಗೆ ಹೋಗಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಂತು ಯಾರಿಗೆ ಕಾಯ್ತಿದ್ದೀರಿ" ಎಂದು ಕೂಗಿದ ಗಂಟಲು ಅದು. ಮೈಕು ಬೇಕಿರಲಿಲ್ಲ. ಪೀಠದ ಮುಂದೆ ನಿಂತು ಸತ್ಯವೇದ ತೆರೆದಳೆಂದರೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಕುರಿಗಳನ್ನು ಕಾಯಬೇಕಾದವರು ಕುರಿಗಳ ಉಣ್ಣೆ ಹೊದ್ದು, ಕೊಬ್ಬು ತಿಂದು, ಕುಂಟುವ ಕುರಿಯ ಕಡೆ ತಿರುಗಿಯೂ ನೋಡಲಿಲ್ಲ ಎಂಬ ಮಾತು ಬಂದಾಗ, ಟಿಕೆಟ್ ತೆಗೆದುಕೊಳ್ಳದೆ ಹಿಂದಿನ ಸೀಟಿನಲ್ಲಿ ಅವಿತವನನ್ನು ಹಿಡಿದು ಎಬ್ಬಿಸುವ ಹಾಗೆ ಓದುತ್ತಿದ್ದಳು.

ಅವಳ ಹೊಟ್ಟೆ ಉರಿಯುತ್ತಿದ್ದುದು ಓದಿ ಮುಗಿಸಿದ ಮೇಲೆ. ಆರಾಧನೆ ಮುಗಿದು ಜನ ಹೊರಗೆ ಬಂದರೆ ಎಲ್ಲರ ಮುಖದಲ್ಲೂ ತೃಪ್ತಿಯೋ ತೃಪ್ತಿ. "ಚೆನ್ನಾಗಿ ಚಳಿ ಬಿಡಿಸಿದ್ರಿ ಅವರಿಗೆ" ಎಂದು ಮರದ ವ್ಯಾಪಾರಿ ಕೈ ಮುಗಿಯುತ್ತಿದ್ದ. ಅವರಿಗೆ ಎಂದರೆ ಅವನ ಲೆಕ್ಕದಲ್ಲಿ ಮಂತ್ರಿಗಳಿಗೆ. ಸರ್ಕಾರಿ ಕಚೇರಿಯ ಗುಮಾಸ್ತರೂ ಅದನ್ನೇ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಅದು ವ್ಯಾಪಾರಿಗಳಿಗೆ. ಮಂತ್ರಿಗಳು ಯಾರೂ ಆ ಚರ್ಚಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಅವರೂ ಹಿಂದಿನ ಸರ್ಕಾರದವರಿಗೆ ಸರಿಯಾಗಿ ಬಿತ್ತು ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಪ್ರವಾದಿ ಬಿಟ್ಟ ಬಾಣ ಇಷ್ಟು ಜನರ ನಡುವೆ ಹಾದು ಒಬ್ಬರಿಗೂ ತಾಗದೆ ಕಿಟಕಿಯಿಂದ ಆಚೆ ಹೋಗುತ್ತದಲ್ಲ, ಅದು ಹೇಗೆ ಎಂದು ಕಂಡಕ್ಟರಮ್ಮ ಮನೆಗೆ ಬಂದು ಅಕ್ಕನ ಮುಂದೆ ಹಲ್ಲು ಕಡಿಯುತ್ತಿದ್ದಳು.

ಮನೆಯಲ್ಲಿ ಇದ್ದವರು ಅವರಿಬ್ಬರೇ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಇವಳನ್ನು ಎತ್ತಿ ಆಡಿಸಿ, ಬೈದು, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದ್ದಳು. ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಐವತ್ತು ದಾಟಿದ ತಂಗಿಯನ್ನು ಇವತ್ತಿಗೂ ಪುಟ್ಟಿ ಎಂದೇ ಕರೆಯುತ್ತಿದ್ದಳು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅಕ್ಕ ವಾರಕ್ಕೆ ಮೂರು ಬೆಳಗ್ಗೆ ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಹೋಗಬೇಕಿತ್ತು. ಅವರ ಮನೆ ಇದ್ದುದು ಗುಡ್ಡದ ಮೇಲಿನ ಕಾಲೊನಿಯಲ್ಲಿ. ರಸ್ತೆ ಕಡಿದಾಗಿದ್ದು, ಆಟೊದವರು ಹತ್ತಲು ಒಪ್ಪುತ್ತಿರಲಿಲ್ಲ, ಒಪ್ಪಿದರೆ ಕೇಳುವ ಬಾಡಿಗೆಗೆ ತಲೆ ತಿರುಗುತ್ತಿತ್ತು. ಇದ್ದದ್ದು ಗುಡ್ಡದ ರೂಟಿನ ಬೆಳಗಿನ ಬಸ್ಸು ಒಂದೇ. ಅಕ್ಕ ಮತ್ತು ಅವಳಂತೆಯೇ ರಕ್ತ ಶುದ್ಧಿ ಮಾಡಿಸಿಕೊಳ್ಳುವ ಇನ್ನೂ ಕೆಲವರು ಸ್ಟಾಪಿನ ಕಲ್ಲಿನ ಮೇಲೆ ಕೂತು ಆ ಬಸ್ಸಿಗೆ ಕಾಯುತ್ತಿದ್ದರು. ಒಂದು ಸರದಿ ತಪ್ಪಿದರೆ ಕಾಲು ಊದುತ್ತಿತ್ತು. ಎರಡು ತಪ್ಪಿದರೆ ಉಸಿರು ಎಳೆಯಲು ಶುರುವಾಗುತ್ತಿತ್ತು. ಮೂರು ತಪ್ಪಿದರೆ ಏನು ಎಂದು ಅವರ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅಂಥ ಹೊತ್ತಿನಲ್ಲೇ ದೇಶ ಕೆಡಬೇಕೇ? ಸರ್ಕಾರ ಬಿತ್ತು. ಇನ್ನೊಂದು ಬಂತು, ಅದೂ ಬಿತ್ತು. ಟಿವಿಯಲ್ಲಿ ದಿನಕ್ಕೊಬ್ಬ ಹೊಸ ಮುಖ ಬಂದು ಹಳೆಯ ಮುಖವನ್ನು ಬೈಯುವುದೇ ಆಡಳಿತವಾಯಿತು. ಅಂಗಡಿಯಲ್ಲಿ ಎಣ್ಣೆ ಇಲ್ಲ, ಬಂಕಿನಲ್ಲಿ ಡೀಸೆಲ್ ಇಲ್ಲ, ಕೇಳಿದರೆ ಮೇಲಿನಿಂದ ಆದೇಶ ಬಂದಿಲ್ಲ. ಮೇಲೆ ಯಾರಿದ್ದಾರೆ ಎಂದು ಕೇಳಿದರೆ ಅದಕ್ಕೂ ಆದೇಶ ಬಂದಿಲ್ಲ.

ಅವಳು ಕೆಲಸ ಮಾಡುವ ಬಸ್ ಡಿಪೊ ಏನೂ ಹಿಂದೆ ಬೀಳಲಿಲ್ಲ. ಬಂದ ಮ್ಯಾನೇಜರುಗಳಲ್ಲಿ ಒಬ್ಬ ತನಗೆ ಗಾಜಿನ ಕೋಣೆ ಕಟ್ಟಿಸಿಕೊಂಡು ತಂಪು ಮಾಡುವ ಯಂತ್ರ ಹಾಕಿಸಿದ. ಹೊರಗೆ ಮೆಕ್ಯಾನಿಕ್ಕುಗಳು ಸೋರುವ ತಗಡಿನ ಕೆಳಗೆ ಕೆಲಸ ಮಾಡುತ್ತಿದ್ದರು. ಇನ್ನೊಬ್ಬ ಹೊಸ ಬಸ್ಸುಗಳನ್ನೆಲ್ಲ ತನ್ನ ಮಾವನ ಮನೆಯಿದ್ದ ಬಡಾವಣೆಗೆ ಓಡಿಸಿದ. ಕಾರ್ಮಿಕ ಸಂಘದ ಕಾರ್ಯದರ್ಶಿ ಒಳ್ಳೆಯ ಡ್ಯೂಟಿಗಳನ್ನು ತನ್ನ ಹಿಂಬಾಲಕರಿಗೆ ಹಂಚಿ, ಉಳಿದವರಿಗೆ ಭಾಷಣ ಕೊಟ್ಟ. ಕೊನೆಗೆ ಬಂದವನಂತೂ ಒಂದು ವಾರ ರಜೆ ಎಂದು ಹೋದವನು ಫೋನನ್ನೂ ಆರಿಸಿ ಕೂತ. ಕಂಡಕ್ಟರಮ್ಮ ಇವರೊಬ್ಬೊಬ್ಬರ ನೀರಿಳಿಸಿದ್ದಳು. ಮುಖದ ಮೇಲೆ ಹೇಳುವ ಅವಕಾಶ ಸಿಕ್ಕಾಗ ಮುಖದ ಮೇಲೆ, ಸಿಗದಾಗ ಕ್ಯಾಂಟೀನಿನಲ್ಲಿ. "ಇವರೆಲ್ಲ ಅವರವರ ಮನೆಯವರ ಹೊಟ್ಟೆ ನೋಡ್ಕೊಳ್ಳೋಕೆ ಬಂದವರು. ನಮ್ಮನ್ನ ಕಾಯೋಕೆ ಯಾರೂ ಬರಲ್ಲ" ಎನ್ನುವುದು ಅವಳ ಖಾಯಂ ಮಾತು.

ಮ್ಯಾನೇಜರ್ ಇಲ್ಲದೆ ಹೋದದ್ದರ ಪೆಟ್ಟು ಬಿದ್ದದ್ದು ಗೇಟಿನ ಕಟ್ಟೆಗೆ. ಆ ಡಿಪೊದಲ್ಲಿ ಮೊದಲಿನಿಂದ ಒಂದು ಪದ್ಧತಿಯಿತ್ತು. ಗೇಟಿನ ಪಕ್ಕ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಬೆಳಗ್ಗೆ ಡಿಪೊದ ಹೊಣೆ ಹೊತ್ತವರು ಅದರ ಮೇಲೆ ನಿಂತು ಒಂದೊಂದೇ ರೂಟಿನ ಹೆಸರು ಕೂಗಿ ಕೈ ಎತ್ತಬೇಕು. ಕೈ ಏಳದೆ ಯಾವ ಬಸ್ಸೂ ಗೇಟು ದಾಟುವಂತಿಲ್ಲ. ಯಾವ ಬಸ್ಸಿನ ಬ್ರೇಕು ಸರಿಯಿಲ್ಲ, ಯಾವ ಡ್ರೈವರು ಬಂದಿಲ್ಲ, ಇರುವ ಡೀಸೆಲ್ ಯಾರ ಟ್ಯಾಂಕಿಗೆ, ಎಲ್ಲ ತೀರ್ಮಾನ ಅಲ್ಲೇ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತರೆ ಬೈಗುಳವೂ ಕಟ್ಟೆ ಮೇಲೆ ನಿಂತವರಿಗೇ. ಈಗ ಕಟ್ಟೆ ಖಾಲಿಯಾಯಿತು. ಹತ್ತಿ ನಿಂತರೆ ಹೊಣೆ ತಲೆಗೆ ಬರುತ್ತದೆಂದು ಎಲ್ಲರೂ ಅದರ ಹತ್ತಿರ ಹೋಗುವುದನ್ನೇ ಬಿಟ್ಟರು. ಡ್ರೈವರುಗಳು ತಮಗೆ ತೋಚಿದಾಗ, ತಮಗೆ ಬೇಕಾದ ಕಡೆ ಹೊರಟರು. ಒಳ್ಳೆ ರಸ್ತೆಯ ರೂಟುಗಳಿಗೆ ಒಂದರ ಹಿಂದೊಂದು ಬಸ್ಸು. ಗುಡ್ಡದ ರೂಟಿಗೆ ಯಾರೂ ಇಲ್ಲ.

ಹಾಗೆ ಒಂದು ಬೆಳಗ್ಗೆ ಅಕ್ಕ ಬಿಸಿಲೇರುವ ತನಕ ಸ್ಟಾಪಿನಲ್ಲಿ ಕೂತು, ಗೋಡೆ ಹಿಡಿದುಕೊಂಡು ವಾಪಸು ಮನೆಗೆ ಬಂದಳು. ಸಂಜೆಯ ಹೊತ್ತಿಗೆ ಅವಳ ಕಾಲು ಚಪ್ಪಲಿಯೊಳಗೆ ಹೋಗದಷ್ಟು ಊದಿತ್ತು. ಕಂಡಕ್ಟರಮ್ಮ ಮರುದಿನ ರಜೆ ಹಾಕಿ ಮುಖ್ಯ ಕಚೇರಿಗೆ ಹೋಗಿ ಮೇಜು ಮೇಜಿಗೂ ಕೂಗಾಡಿದಳು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆ ಇನ್ನೊಬ್ಬರು ಊಟಕ್ಕೆ ಹೋಗಿದ್ದರು.

ಅದಾದ ಮೇಲೆ ಕ್ಯಾಂಟೀನಿನಲ್ಲಿ ಮಾತು ಬಂತು. ತೆಗೆದವನು ಡ್ರೈವರಣ್ಣ. ಅವಳ ಜೊತೆ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದ, ಹೆಚ್ಚು ಮಾತಿಲ್ಲದ ಮನುಷ್ಯ.

"ನೀನೇ ಕಟ್ಟೆ ಮೇಲೆ ನಿಂತ್ಕೋಮ್ಮ" ಎಂದ ಅವನು, ಚಹಾದ ಲೋಟ ಕೆಳಗಿಡುತ್ತಾ. "ನಿನ್ನ ಧ್ವನಿ ಎಲ್ಲರಿಗೂ ಕೇಳತ್ತೆ. ಹೆದರ್ಕೋತಾರೆ ಕೂಡ."

"ಹೆದರೋದಲ್ಲ, ಓಡ್ಹೋಗ್ತಾರೆ" ಎಂದ ಮೆಕ್ಯಾನಿಕ್. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಸ್ಪ್ಯಾನರ್ ಎಂದು. "ಆದ್ರೂ ಓಡೋವಾಗ ಬಸ್ ತಗೊಂಡು ಓಡಿದ್ರೆ ಸಾಕಲ್ವಾ."

ಎಲ್ಲರೂ ನಕ್ಕರು. ಕಂಡಕ್ಟರಮ್ಮ ನಗಲಿಲ್ಲ. "ನನ್ನ ಮನೇಲೇ ಕಾಯಿಲೆ ಕೂತಿದೆ. ನನ್ನ ಗಾಯಕ್ಕೆ ಪಟ್ಟಿ ಕಟ್ಕೊಳ್ಳೋಕೆ ನನಗೆ ಪುರುಸೊತ್ತಿಲ್ಲ, ನಿಮ್ಮದನ್ನ ಕಟ್ತೀನಾ? ಈ ಹಾಳುಬಿದ್ದಿರೋದನ್ನ ತಂದು ನನ್ನ ತಲೆಗೆ ಕಟ್ಬೇಡಿ. ಹಾಳು ಮಾಡಿದವರನ್ನ ಹುಡುಕಿ ಎಳ್ಕೊಂಡು ಬನ್ನಿ" ಎಂದು ಬ್ಯಾಗು ಹೆಗಲಿಗೇರಿಸಿ ಎದ್ದು ಹೋದಳು. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಆಡಿ ಎದ್ದುಹೋಗುವುದರಲ್ಲಿ ಒಂದು ಸುಖವೂ ಇದೆ, ಅದು ಆ ದಿನ ಪೂರ್ತಿ ಅವಳ ಜೊತೆಗಿತ್ತು.

ಶನಿವಾರ ಅಡುಗೆಮನೆಯಲ್ಲಿ ಅವಳು ಭಾನುವಾರದ ಪಾಠವನ್ನು ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದಳು. ಅಕ್ಕ ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಈ ಸಲದ ಪಾಠ ಹೀಗಿತ್ತು: ದೇವರು ಆ ದೇಶದಿಂದ ಅನ್ನದ ಆಸರೆ, ನೀರಿನ ಆಸರೆ ಎರಡನ್ನೂ ಕಿತ್ತುಕೊಳ್ಳುತ್ತಾನೆ. ನ್ಯಾಯಾಧಿಪತಿ ಇಲ್ಲ, ಸೇನಾಪತಿ ಇಲ್ಲ, ಬುದ್ಧಿ ಹೇಳುವವರಿಲ್ಲ. ಮಕ್ಕಳಾಟಿಕೆಯವರು ಆಳುತ್ತಾರೆ. ಜನ ಒಬ್ಬರನ್ನೊಬ್ಬರು ಹಿಂಸಿಸುತ್ತಾರೆ. ಕೊನೆಗೆ ಒಬ್ಬ ತನ್ನ ತಂದೆಯ ಮನೆಯಲ್ಲೇ ಅಣ್ಣನೋ ತಮ್ಮನೋ ಸಿಕ್ಕವನನ್ನು ಹಿಡಿದುಕೊಂಡು, ನಿನಗೆ ಮೈಮೇಲೆ ಮೇಲಂಗಿಯಾದರೂ ಇದೆ, ನೀನೇ ನಮ್ಮ ನಾಯಕನಾಗು, ಈ ಹಾಳುಬಿದ್ದದ್ದು ನಿನ್ನ ಕೈಕೆಳಗಿರಲಿ ಎನ್ನುತ್ತಾನೆ. ಅವನೋ, ನಾನು ಗಾಯ ಕಟ್ಟುವವನಲ್ಲ, ನನ್ನ ಮನೆಯಲ್ಲಿ ರೊಟ್ಟಿಯೂ ಇಲ್ಲ ಬಟ್ಟೆಯೂ ಇಲ್ಲ, ನನ್ನನ್ನು ನಾಯಕನನ್ನಾಗಿ ಮಾಡಬೇಡಿ ಎಂದು ಕೂಗುತ್ತಾನೆ.

ಅಕ್ಕನ ಕೈ ನಿಂತಿತು. "ಪುಟ್ಟಿ, ಇದು ಮೊನ್ನೆ ಕ್ಯಾಂಟೀನಲ್ಲಿ ನೀನು ಹೇಳಿದ್ದೇ ಅಲ್ವಾ?"

"ನನಗೂ ಅವನಿಗೂ ಏನು ಸಂಬಂಧ?"

"ಸಂಬಂಧ ಇದೆ ಅಂದೆನಾ? ಮಾತು ಒಂದೇ ಥರ ಇದೆ ಅಂದೆ."

"ಪ್ರವಾದಿ ಅವನನ್ನೇನೂ ಬೈದಿಲ್ಲ. ನೋಡು, ಒಂದು ಮಾತೂ ಬೈದಿಲ್ಲ. ಪಾಪ, ಅವನಿಗೂ ಅವನ ಕಷ್ಟ" ಎಂದು ಕಂಡಕ್ಟರಮ್ಮ ಪುಸ್ತಕವನ್ನು ಅಕ್ಕನ ಮುಖದ ಹತ್ತಿರ ಹಿಡಿದಳು.

ಅಕ್ಕ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ನೋಡಿದಳು. "ಹೌದು, ಬೈದಿಲ್ಲ. ಆದ್ರೆ ಅವನು ಒಲ್ಲೆ ಅಂದ ಮುಂದಿನ ಸಾಲಲ್ಲೇ ಊರು ಬಿದ್ದೋಗಿದೆ."

ಕಂಡಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ನಿನಗೋಸ್ಕರ ಊರೆಲ್ಲ ಓಡಾಡಿ ಬಂದವಳಿಗೆ ಇದನ್ನು ಹೇಳುತ್ತೀಯಲ್ಲ ಎಂದು ಬಾಯಿಗೆ ಬಂದಿತ್ತು. ಊದಿದ ಕಾಲು ಕಂಡು ಪುಸ್ತಕ ಮುಚ್ಚಿದಳು. ಭಾನುವಾರ ಅದೇ ಪಾಠ ಓದುವಾಗ ಆ ಒಲ್ಲೆ ಎಂದವನ ಮಾತು ಬಂದಲ್ಲಿ ಎರಡು ಸಲ ತಡವರಿಸಿದಳು. ಹೊರಗೆ ಬಂದಾಗ ಮರದ ವ್ಯಾಪಾರಿ ಎಂದಿನಂತೆ ಕೈ ಮುಗಿದು "ಚೆನ್ನಾಗಿ ಬಿತ್ತು ಅವರಿಗೆ" ಎಂದ.

ಸೋಮವಾರ ಬೆಳಗ್ಗೆ ಅವಳು ಕಟ್ಟೆ ಹತ್ತಿದಳು. ಯಾರ ಆದೇಶವೂ ಇರಲಿಲ್ಲ. ಹತ್ತಬಾರದೆನ್ನುವುದಕ್ಕೂ ಆದೇಶ ಕೊಡುವವರಿರಲಿಲ್ಲವಲ್ಲ. "ಮಾರುಕಟ್ಟೆ ರೂಟು!" ಎಂದು ಅವಳು ಮೊದಲ ಸಲ ಕೂಗಿದಾಗ ಅರ್ಧ ಡ್ರೈವರುಗಳು ನಗುತ್ತಿದ್ದರು. ಅವಳು ಕೈ ಎತ್ತಿದಳು, ಬಸ್ಸು ಹೊರಟಿತು. ಇನ್ನೊಂದು ಕೂಗಿದಳು. ಸಾಲು ತಪ್ಪಿಸಿ ನುಗ್ಗಿದವನ ಬಸ್ಸಿನ ಮುಂದೆ ಹೋಗಿ ನಿಂತು ಅವನ ಅಪ್ಪ ಅಮ್ಮನ ಕ್ಷೇಮವನ್ನೆಲ್ಲ ವಿಚಾರಿಸಿದಳು. ಅವನು ಹಿಂದಕ್ಕೆ ಹೋದ. ಜನಕ್ಕೂ ಸಾಕಾಗಿತ್ತೇನೋ, ಯಾರಾದರೂ ಒಬ್ಬರು ಹೇಳಿದರೆ ಸಾಕು ಎನ್ನುವ ಹಾಗೆ ಬಲು ಬೇಗ ಸಾಲಿಗೆ ಬಂದರು. ಗುಡ್ಡದ ರೂಟಿಗೆ ಡ್ರೈವರಣ್ಣ ತಾನೇ ಹೋದ. ಅಕ್ಕನ ಕಾಲು ಇಳಿಯಿತು. ಕ್ಯಾಂಟೀನಿನಲ್ಲಿ ಸ್ಪ್ಯಾನರ್ ಅವಳಿಗೆ ಮೇಡಂ ಎನ್ನಲು ಶುರುಮಾಡಿದ. ತಮಾಷೆಗೆ ಶುರುಮಾಡಿದ್ದು, ಆಮೇಲೆ ರೂಢಿಯಾಯಿತು.

ಸುಳ್ಳೇಕೆ, ಅವಳಿಗೂ ಖುಷಿಯಾಗಿತ್ತು. ಆ ತಿಂಗಳು ಕುರಿ ಕಾಯುವವರ ಪಾಠ ಮತ್ತೆ ಬಂದಾಗ, ತಮ್ಮನ್ನೇ ತಾವು ಮೇಯಿಸಿಕೊಂಡವರನ್ನು ಅವಳು ಎಂದಿಗಿಂತ ಗಟ್ಟಿಯಾಗಿ ತರಾಟೆಗೆ ತೆಗೆದುಕೊಂಡಳು. ಪಾದ್ರಿಗಳು ಕೂಡ ಉಪದೇಶದಲ್ಲಿ, ನಮ್ಮ ನಡುವೆಯೇ ಹೊಣೆ ಹೊತ್ತವರೊಬ್ಬರಿದ್ದಾರೆ ಎಂದು ಹೆಸರೆತ್ತದೆ ಹೊಗಳಿದರು. ಜನ ತಿರುಗಿ ನೋಡಿದರು. ಕಂಡಕ್ಟರಮ್ಮ ತಲೆ ತಗ್ಗಿಸಿದಳು, ಪೂರ್ತಿ ಅಲ್ಲ.

ಆಮೇಲೆ ಡೀಸೆಲ್ ಟ್ಯಾಂಕರು ಬರುವುದು ನಿಂತಿತು. ಎಲ್ಲೋ ಯಾರೋ ಸಹಿ ಹಾಕಬೇಕಾದವರು ಹಾಕಿರಲಿಲ್ಲ. ಇದ್ದದ್ದನ್ನು ಹಿಂಡಿ ಹಿಂಡಿ ಕೆಲವು ದಿನ ದೂಡಿದರು. ಒಂದು ಗುರುವಾರ ಬೆಳಗ್ಗೆ ಬೇರೆ ಬಸ್ಸುಗಳೆಲ್ಲ ಹೊರಟು, ಇಲ್ಲವೇ ನಿಂತು, ಕೊನೆಗೆ ಎರಡು ಉಳಿದವು. ಒಂದು ಡ್ರೈವರಣ್ಣನ ಗುಡ್ಡದ ಬಸ್ಸು. ಇನ್ನೊಂದು ಕಾರ್ಖಾನೆ ರೂಟಿನದು. ಅದನ್ನು ಓಡಿಸುತ್ತಿದ್ದವನು ಆರಡಿಗೂ ಮೀರಿದ ಎತ್ತರದವನು, ಎಲ್ಲರ ಬಾಯಲ್ಲೂ ಉದ್ದಣ್ಣ. ಸ್ಪ್ಯಾನರ್ ಪಂಪಿನ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತಾ ಬಂದ.

"ಒಂದಕ್ಕೆ ಆಗತ್ತೆ, ಮೇಡಂ. ಎರಡಕ್ಕೂ ಹಂಚಿದ್ರೆ ಎರಡೂ ದಾರೀಲಿ ನಿಲ್ತವೆ."

ಉದ್ದಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕಾರ್ಖಾನೆ ಸ್ಟಾಪಲ್ಲಿ ಬಸ್ ತುಂಬೋಷ್ಟು ಜನ ನಿಂತಿದ್ದಾರೆ. ಶಿಫ್ಟಿಗೆ ತಡ ಆದ್ರೆ ಗೇಟ್ ಹಾಕ್ತಾರೆ, ದಿನದ ಕೂಲಿ ಹೋಯ್ತು. ಈಗ ಎಷ್ಟು ಜನರನ್ನ ಕೆಲಸದಿಂದ ತೆಗೀತಿದ್ದಾರೆ ಗೊತ್ತಲ್ಲ. ಗುಡ್ಡದಲ್ಲಿ ಕೈಬೆರಳಲ್ಲಿ ಎಣಿಸೋಷ್ಟು ಜನ."

ಕಂಡಕ್ಟರಮ್ಮ ತಡವಾಗಬಹುದೆಂದು ಹೇಳಲು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಆಗಲೇ ಸ್ಟಾಪಿನಲ್ಲಿದ್ದಳು. ಹಿಂದೆ ಯಾರೋ ಕೆಮ್ಮುವುದು ಕೇಳಿಸುತ್ತಿತ್ತು. ಡೀಸೆಲ್ ಒಂದೇ ಬಸ್ಸಿಗೆ ಸಾಕಾಗುವಷ್ಟಿದೆ ಎಂದು ಕಂಡಕ್ಟರಮ್ಮ ಹೇಳಿದಳು.

"ನನಗೋಸ್ಕರ ಕಳಿಸ್ಬೇಡ ಪುಟ್ಟಿ. ಇಲ್ಲಿರೋ ಬೇರೆಯವರಿಗೋಸ್ಕರ ಅನಿಸಿದ್ರೆ ಕಳಿಸು."

"ಬೇರೆಯವರ ಜೊತೆ ನೀನೂ ಇದ್ದೀಯಲ್ಲ ಅಲ್ಲಿ."

"ಅದಕ್ಕೆ ನಾನೇನ್ ಮಾಡ್ಲಿ" ಎಂದಳು ಅಕ್ಕ.

ಕಂಡಕ್ಟರಮ್ಮ ಫೋನನ್ನು ಬ್ಯಾಗಿಗೆ ತುರುಕಿದಳು. ಯಾರ ಮೇಲೆ ರೇಗಬೇಕೋ ತಿಳಿಯದೆ ಎಲ್ಲರ ಮೇಲೂ ರೇಗಿತು. ಡೀಸೆಲ್ಲಿಗೆ ಸಹಿ ಹಾಕದವನ ಮೇಲೆ, ಫೋನು ಆರಿಸಿ ಕೂತ ಮ್ಯಾನೇಜರಿನ ಮೇಲೆ, ಇಷ್ಟು ನ್ಯಾಯವಾಗಿ ಮಾತಾಡುವ ಅಕ್ಕನ ಮೇಲೆ ಕೂಡ. ಕೂಲಿ ಹೋದರೆ ನಾಳೆ ದುಡಿಯಬಹುದು. ಉಸಿರು ಹೋದರೆ? ಲೆಕ್ಕ ನೇರವಾಗಿತ್ತು. ಆದರೆ ಕೆಲಸವೇ ಹೋದವನ ಮನೆಯಲ್ಲೂ ಕಾಯಿಲೆಯವರಿದ್ದಾರು, ಅವರ ಉಸಿರನ್ನು ಯಾರು ಲೆಕ್ಕ ಹಾಕಿದರು? ಅಲ್ಲಿ ಅಕ್ಕ ಇಲ್ಲದೇ ಹೋಗಿದ್ದರೆ ಇಷ್ಟು ಯೋಚನೆಯೇ ಬೇಡವಾಗಿತ್ತು. ಆಗ ಯಾವ ಕಡೆಗೆ ಕೈ ಎತ್ತುತ್ತಿದ್ದೆ ಎನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

"ಗುಡ್ಡದ ರೂಟು!" ಎಂದು ಕೂಗಿ ಅವಳು ಕೈ ಎತ್ತಿದಳು.

ಡ್ರೈವರಣ್ಣ ಅವಳ ಮುಖ ನೋಡದೆ ಬಸ್ಸು ಹೊರಡಿಸಿದ. ಉದ್ದಣ್ಣ ಕಿರುಚಾಡಲಿಲ್ಲ, ಕಿರುಚಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಇಂಜಿನ್ ಆರಿಸಿ, ಕೀಲಿ ತೆಗೆದು, ಕೆಳಗಿಳಿದು ಬಂದ.

"ಆಯ್ತು ಬಿಡಿ. ಎಲ್ಲರೂ ಅವರವರ ಮನೆಯವರನ್ನೇ ನೋಡ್ಕೊಳ್ಳೋದು" ಎಂದ.

"ಅಲ್ಲಿರೋರು ರೋಗಿಗಳು ಕಣಪ್ಪ. ಒಂದು ದಿನ ತಪ್ಪಿದ್ರೆ ಸಾಯ್ತಾರೆ."

"ಇರಬಹುದು. ನಿಮ್ಮಕ್ಕನೂ ಅಲ್ಲೇ ಇದ್ದಾರಲ್ವಾ, ಕೇಳ್ದೆ ಅಷ್ಟೇ."

ಸ್ಪ್ಯಾನರ್ ಒಂದು ತಮಾಷೆ ಮಾಡಿಬಿಡಲಿ ಎಂದು ಅವಳು ಅವನ ಕಡೆ ನೋಡಿದಳು. ಅವನು ಪಂಪಿನ ಪೈಪು ಸುತ್ತುವುದರಲ್ಲೇ ಮುಳುಗಿದ್ದ.

"ನಾಳೆ ಡೀಸೆಲ್ ಬಂದ್ರೆ ಮೊದಲು ನಿಮ್ಮ ಬಸ್ಸಿಗೇ ಹಾಕಿಸ್ತೀನಿ. ನನ್ನ ಮಾತು ಇದು" ಎಂದಳು.

ಉದ್ದಣ್ಣ ಹೊರಡುತ್ತಿದ್ದವನು ನಿಂತ. "ನಿಮಗಿಂತ ಮುಂಚೆ ಅಲ್ಲಿ ನಿಂತಿದ್ದವರೂ ಹಾಗೇ ಅಂತಿದ್ರು" ಎಂದು ಕ್ಯಾಂಟೀನಿನ ಕಡೆ ನಡೆದ.

ಗಾಜಿನ ಕೋಣೆಯವನಿಗೆ, ಮಾವನ ಬಡಾವಣೆಯವನಿಗೆ, ಕಾರ್ಯದರ್ಶಿಗೆ, ಎಲ್ಲರಿಗೂ ಅವಳ ಬಳಿ ಮಾತಿತ್ತು. ಪ್ರವಾದಿಗಳ ಬಳಿಯೂ ಅವರಿಗೆಲ್ಲ ಬೇಕಾದಷ್ಟು ಇತ್ತು. ಸರಿಯಾದದ್ದನ್ನೇ ಮಾಡಿ, ಅದು ತಪ್ಪು ಮಾಡಿದವರು ಮಾಡಿದ್ದರ ಹಾಗೆಯೇ ಕಾಣಿಸಿದರೆ ಏನು ಮಾಡಬೇಕೆಂದು ಓದಿದ ಯಾವ ಪಾಠದಲ್ಲೂ ಇದ್ದದ್ದು ಅವಳಿಗೆ ನೆನಪಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಮಂಚದ ಮೇಲೆ ಒರಗಿದ್ದಳು. ತೋಳಿಗೆ ಪಟ್ಟಿ ಸುತ್ತಿದ್ದರು. ಮುಖ ಸುಸ್ತಾಗಿತ್ತು, ಆದರೆ ಉಸಿರು ಹಗುರವಾಗಿತ್ತು. ಕಂಡಕ್ಟರಮ್ಮ ಅವಳ ಕಾಲು ಮುಟ್ಟಿ ನೋಡಿದಳು, ಊತ ಇರಲಿಲ್ಲ. ಅವಳಿಗೆ ಅಳು ಬಂತು, ಅದನ್ನು ಸಿಟ್ಟು ಮಾಡಿಕೊಂಡು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು.

"ಯಾರಿಗೋಸ್ಕರ ಕಳಿಸಿದೆ ಪುಟ್ಟಿ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ಎಲ್ಲರಿಗೋಸ್ಕರ."

ನಲ್ಲಿಯ ನೀರು ಸುರಿಯುತ್ತಿತ್ತು. ಕಂಡಕ್ಟರಮ್ಮ ಅದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಬಾಗಿಲಿಗೆ ಬಂದು ನಿಂತಳು.

"ಗೊತ್ತಿಲ್ಲ ಅಕ್ಕ" ಎಂದಳು. "ನಿಜವಾಗ್ಲೂ ನನಗೇ ಗೊತ್ತಿಲ್ಲ."

ಅಕ್ಕ ಮಂಚದ ಮೇಲೆ ಎದ್ದು ಕೂತಳು. "ನಾಳೆ ಕಟ್ಟೆ ಮೇಲೆ ನಿಂತ್ಕೋತೀಯಾ?"

"ನಿಂತ್ಕೊಳ್ದೆ?" ಎಂದು ಕಂಡಕ್ಟರಮ್ಮ ರೇಗಿದಳು. "ಬೈಸ್ಕೊಳ್ಳೋಕಾದ್ರೂ ಅಲ್ಲಿ ಯಾರಾದ್ರೂ ಒಬ್ಬರು ಇರಬೇಕಲ್ಲ."